ಅಕ್ಕ ಕರೆಯುವವರೆಗೆ

ಆಗಸ್ಟ್ 4

ಥೆರಪಿಸ್ಟ್ ಮೇಡಂ ಅವರಿಗೆ,

ನಿಮ್ಮ ಹುದ್ದೆಯ ಪೂರ್ತಿ ಹೆಸರು ಬರೆಯಲು ಹೋಗಿ ಲಕೋಟೆಯ ಅರ್ಧ ಜಾಗ ಅದಕ್ಕೇ ಹೋಯಿತು. ಆಕ್ಯುಪೇಷನಲ್ ಥೆರಪಿಸ್ಟ್ ಅಂದರೆ ಏನು ಮಾಡುವವರು ಎಂದು ಚಿಕ್ಕಮ್ಮ ಕೇಳಿದ್ದಕ್ಕೆ "ಕೆಲಸ ಕಲಿಸೋರು" ಅಂದಿದ್ದೇನೆ. ತಪ್ಪಿದ್ದರೆ ನೀವೇ ತಿದ್ದಿ. ಇನ್ನು ಮೂರು ತಿಂಗಳು ಮನೆಯಲ್ಲಿ ನನ್ನ ತಮ್ಮನ ಜೊತೆ ಇರುವವರು ಚಿಕ್ಕಮ್ಮನೇ.

ಹೊರಡುವ ಗಡಿಬಿಡಿಯಲ್ಲಿ ಹೇಳದೆ ಉಳಿದದ್ದನ್ನು ಈಗ ಬರೆಯುತ್ತೇನೆ. ನಿಮ್ಮ ಕೇಂದ್ರದ ಫಾರಂನಲ್ಲಿ ಅವನ ಹೆಸರು ಏನೇ ಇರಲಿ, ದೊರೆ ಎಂದು ಕರೆದರೆ ಮಾತ್ರ ತಿರುಗಿ ನೋಡುತ್ತಾನೆ. ವಯಸ್ಸು ಮೂವತ್ತಾರು. ಬುದ್ಧಿಗೆ ಎಷ್ಟು ವಯಸ್ಸು ಎಂದು ಒಬ್ಬೊಬ್ಬ ಡಾಕ್ಟರು ಒಂದೊಂದು ಅಂಕಿ ಹೇಳಿದ್ದಾರೆ, ನಾನು ಯಾವುದನ್ನೂ ನೆನಪಿಟ್ಟುಕೊಂಡಿಲ್ಲ. ಅವನಿಗೆ ಓದಲು ಬರುವುದಿಲ್ಲ, ಸುಳ್ಳು ಹೇಳಲೂ ಬರುವುದಿಲ್ಲ. ನಾನು ಹೊಲಿದ ಅಂಗಿ ಬಿಟ್ಟು ಬೇರೆ ತೊಡುವುದಿಲ್ಲ. ಪ್ರತಿ ಅಂಗಿಯ ಕಾಲರಿನ ಒಳಗೆ ಕೆಂಪು ದಾರದಲ್ಲಿ ಎರಡು ಅಡ್ಡ ಹೊಲಿಗೆ ಹಾಕಿರುತ್ತೇನೆ. ಅದು ಬೆನ್ನಿನ ಕಡೆ ಬರಬೇಕೆಂದು ಅವನಿಗೆ ಗೊತ್ತು. ಆ ಹೊಲಿಗೆ ಇಲ್ಲದ ಬಟ್ಟೆ ಅವನ ಪಾಲಿಗೆ ಬೇರೆ ಯಾರದ್ದೋ.

ಅವನನ್ನು ರಸ್ತೆ ದಾಟಲು ಬಿಡಬೇಡಿ. ಒಬ್ಬನನ್ನೇ ಎಲ್ಲಿಗೂ ಕಳಿಸಬೇಡಿ. ಇಂಥವರನ್ನು ನೋಡಿಕೊಳ್ಳುವ ಊರಾಚೆಯ ವಸತಿಗೃಹದಲ್ಲಿ ಅವನಿಗಾಗಿ ಒಂದು ಮಂಚ ಹಿಡಿದಿಟ್ಟಿದ್ದಾರೆ. ಅಕ್ಟೋಬರ್ 31ರೊಳಗೆ ಸೇರಿಸಬೇಕು, ಇಲ್ಲವೇ ಬೇಡ ಎನ್ನಬೇಕು. ಚಿಕ್ಕಮ್ಮ ಅವತ್ತೇ ತಮ್ಮ ಮಗಳ ಮನೆಗೆ ಹೊರಡುತ್ತಾರೆ. ಅಲ್ಲಿಯವರೆಗೆ ನಿಮ್ಮಲ್ಲಿ ಅವನ ಹೊತ್ತು ಹೋದರೆ ಸಾಕು.

ನಾನಿಲ್ಲಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದಕ್ಕೆ ಮೂರು ತಿಂಗಳ ಕೆಲಸಕ್ಕೆ ಬಂದಿದ್ದೇನೆ. ಫೋನಿಗೆ ಸಿಗುವುದಿಲ್ಲ. ಕಾಗದ ಬರೆದರೆ ಈ ಲಾಡ್ಜಿನ ವಿಳಾಸಕ್ಕೆ ತಲುಪುತ್ತದೆ.

ದೊರೆಯ ಅಕ್ಕ


ಆಗಸ್ಟ್ 11

ಅಕ್ಕನವರಿಗೆ ನಮಸ್ಕಾರ.

ನಿಮ್ಮ ತಮ್ಮ ದಿನಕ್ಕೆ ನಲವತ್ತು ಸಲ ಅಕ್ಕ ಅಕ್ಕ ಅನ್ನುವುದರಿಂದ ಕೇಂದ್ರದಲ್ಲಿ ಎಲ್ಲರಿಗೂ ನೀವು ಅಕ್ಕನೇ. ನನಗೆ ಐವತ್ತೆರಡು. ನೀವು ಚಿಕ್ಕವರಾಗಿದ್ದರೂ ಹಾಗೇ ಬರೆಯುತ್ತೇನೆ, ಅಭ್ಯಾಸವಾಗಿಬಿಟ್ಟಿದೆ.

ಹೊತ್ತು ಕಳೆಯುವುದನ್ನು ನನಗೆ ಕಲಿಸಲು ಬರುವುದಿಲ್ಲ. ನನ್ನ ಕಸುಬೆಂದರೆ ಒಂದು ಕೆಲಸವನ್ನು ಚೂರು ಚೂರು ಮಾಡಿ, ಯಾವ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುವುದು. ಹಲ್ಲುಜ್ಜುವುದರಲ್ಲಿ ಹದಿನಾಲ್ಕು ಚೂರಿದೆ ಅಂದರೆ ನೀವು ನಗಬಹುದು. ದೊರೆಯವರು ಹದಿನಾಲ್ಕನ್ನೂ ಮಾಡುತ್ತಾರೆ, ಪೇಸ್ಟಿನ ಮುಚ್ಚಳ ಹಾಕುವುದನ್ನು ಬಿಟ್ಟು. ಅದನ್ನು ನಾನೂ ಮಾಡುವುದಿಲ್ಲ.

ಸುದ್ದಿ ಏನೆಂದರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಟವೆಲ್ ಮಡಿಸುವ ಮೇಜಿನ ಮುಂದೆ ನಿಲ್ಲಿಸಿದೆ. ಒಂದು ಗಂಟೆಯ ಮೇಲೆ ಮೇಸ್ತ್ರಿ ಬಂದು ನೋಡಿ, "ಏನ್ರೀ ಇದು, ಟವೆಲ್ ಮಡಿಸಿದಾರೋ ಇಟ್ಟಿಗೆ ಜೋಡಿಸಿದಾರೋ!" ಅಂದರು. ಎರಡು ವಾರ ತಾವಾಗಿಯೇ ಬಂದು ಹೋದರೆ ಕೆಲಸ ಕಾಯಂ ಎಂದಿದ್ದಾರೆ. ಮನೆಯಿಂದ ಬಸ್ಸಿನಲ್ಲಿ ಆರನೇ ನಿಲ್ದಾಣ. ನಾನು ಜೊತೆಗಿದ್ದು ಕಲಿಸುತ್ತೇನೆ. ನಿಮ್ಮ ಒಪ್ಪಿಗೆ ಬೇಕು.

ಎರಡು ಪ್ರಶ್ನೆ ಕೇಳಲೇಬೇಕು. ಮೂರು ತಿಂಗಳಿಗೆ ವಾಪಸ್ ಬರುವವರು ತಮ್ಮನಿಗೆ ಜೀವನಪೂರ್ತಿಯ ಮಂಚ ಯಾಕೆ ಹಿಡಿಸಿದಿರಿ? ಒಬ್ಬರೇ ಓಡಾಡುವುದನ್ನು ಕಲಿತರೆ ಅವರು ನಿಮ್ಮ ಜೊತೆ ಅದೇ ಮನೆಯಲ್ಲಿ ಇರಬಹುದಲ್ಲ? ಇನ್ನೊಂದು, ಫಾರಂನಲ್ಲಿ "ದಾರಿ ತಪ್ಪಿದಾಗ ಏನು ಮಾಡುತ್ತಾರೆ" ಎಂಬಲ್ಲಿ "ತಪ್ಪಿಲ್ಲ" ಎಂದು ಬರೆದಿದ್ದೀರಿ. ಒಮ್ಮೆಯೂ ಇಲ್ಲವೇ?

ಸಂಜೆ ಏಳಕ್ಕೆ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರಂತೆ. ಕಳೆದ ವಾರ ಒಂದು ಫೋನ್ ಬಂತಂತೆ. ಎತ್ತಿ, ಸ್ವಲ್ಪ ಹೊತ್ತು ಕೇಳಿ, "ಅಕ್ಕ ಅಲ್ಲ" ಅಂತ ಇಟ್ಟುಬಿಟ್ಟರಂತೆ. ಯಾವುದೋ ರಾಂಗ್ ನಂಬರ್ ಇರಬೇಕು. ಒಂದು ನಿಮಿಷ ಮಾಡಿಕೊಂಡು ಒಮ್ಮೆ ಮಾತಾಡಿ.

ಕೇಂದ್ರದ ಥೆರಪಿಸ್ಟ್


ಆಗಸ್ಟ್ 19

ಮೇಡಂ,

ಕಾಗದದ ತುಂಬ ಅವನನ್ನು ಅವರು ಇವರು ಅಂದದ್ದು ಓದಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಮೂವತ್ತಾರು ವರ್ಷದಲ್ಲಿ ಅವನಿಗೆ ಬಹುವಚನ ಸಿಕ್ಕಿದ್ದು ಇದೇ ಮೊದಲು.

ಟವೆಲ್ ಮಡಿಸಲಿ. ಅವನು ಮೊದಲಿನಿಂದಲೂ ನನ್ನ ಹೊಲಿಗೆ ಅಂಗಡಿಯಲ್ಲಿ ನಾನು ಕತ್ತರಿಸಿದ ಬಟ್ಟೆಯನ್ನೆಲ್ಲ ಮಡಿಸಿಡುತ್ತಿದ್ದ. ಆದರೆ ಬಸ್ಸು ಬೇಡ. ನೀವು ಹಟ ಮಾಡುವವರು ಎಂದು ಮೊದಲ ದಿನವೇ ಗೊತ್ತಾಯಿತು. ಹಾಗಾಗಿ ಹೇಳುತ್ತೇನೆ: ನೀವು ಬೆನ್ನ ಹಿಂದೆ ಇದ್ದರೆ ಸರಿ. ನಿಮ್ಮ ಕಣ್ಣು ಅವನ ಮೇಲಿಂದ ಒಂದು ಗಳಿಗೆ ಕದಲಿದರೂ ನಾನು ಕ್ಷಮಿಸುವುದಿಲ್ಲ. ಒಂದು ಗಳಿಗೆ ಅಂದರೆ ಎಷ್ಟು ಎಂದು ನನಗೆ ಗೊತ್ತು.

ಮಂಚದ ವಿಷಯ ನಮ್ಮ ಮನೆಯ ವಿಷಯ. ಫಾರಂನಲ್ಲಿ ಬರೆದದ್ದೆಲ್ಲ ಸರಿಯಾಗಿದೆ. ಕಾರ್ಖಾನೆಯಲ್ಲಿ ಫೋನ್ ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಅವನಿಗೆ ಹೇಳಿ.

ಅಕ್ಕ


ಸೆಪ್ಟೆಂಬರ್ 3

ಅಕ್ಕನವರಿಗೆ,

ಮೊದಲ ವಾರ ಕೈ ಹಿಡಿದು ನಡೆದೆ. ಎರಡನೇ ವಾರ ಐದು ಹೆಜ್ಜೆ ಹಿಂದೆ, ಆಮೇಲೆ ಇಪ್ಪತ್ತು ಹೆಜ್ಜೆ. ಈಗ ಬಸ್ಸಿನಲ್ಲಿ ಅವರು ಬಾಗಿಲ ಪಕ್ಕ, ನಾನು ಕೊನೆಯ ಸೀಟಿನಲ್ಲಿ. ನೀಲಿ ನೀರಿನ ಟ್ಯಾಂಕು ಕಂಡರೆ ಏಳುತ್ತಾರೆ, ಬಸ್ಸು ನಿಂತ ಮೇಲೆ ಇಳಿಯುತ್ತಾರೆ, ನಾಲ್ಕನೇ ಗೇಟು ಲಾಂಡ್ರಿ. ಮೊನ್ನೆ ನಾನಿರುವುದು ಗೊತ್ತಾಗದಿರಲಿ ಎಂದು ಪೇಪರ್ ಅಡ್ಡ ಹಿಡಿದು ಕೂತಿದ್ದೆ. ಇಡೀ ಬಸ್ಸು ದಾಟಿ ನನ್ನ ಹತ್ತಿರ ಬಂದು, "ಮೇಡಂ, ಪೇಪರಲ್ಲಿರೋ ಮನುಷ್ಯ ತಲೆಕೆಳಗಾಗಿದಾನೆ" ಅಂದರು. ಬಸ್ಸಿನವರೆಲ್ಲ ನಕ್ಕರು. ದೊರೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಜೇಬಿನಲ್ಲಿ ಒಂದು ಕಾರ್ಡ್ ಇಟ್ಟಿದ್ದೇನೆ. ಒಂದು ಕಡೆ ಲಾಂಡ್ರಿಯ ಫೋಟೋ, ಇನ್ನೊಂದು ಕಡೆ ವಿಳಾಸ ಮತ್ತು ನನ್ನ ನಂಬರು. ದಾರಿ ತಿಳಿಯದಿದ್ದರೆ ಕಂಡಕ್ಟರಿಗೆ ತೋರಿಸಬೇಕು. ನಾನೇ ಕಂಡಕ್ಟರ್ ಆಗಿ ನಲವತ್ತು ಸಲ ಅಭ್ಯಾಸ ಮಾಡಿಸಿದ್ದೇನೆ. ನಲವತ್ತು ಸಲವೂ ತೋರಿಸಿದ್ದಾರೆ.

ಸಂಜೆ ಏಳರ ಸ್ಟೂಲು ಮಾತ್ರ ಹಾಗೇ ಇದೆ. ಕಾರ್ಖಾನೆಗೆ ಭಾನುವಾರ ಎಂಬುದು ಇರುತ್ತದಲ್ಲವೇ?

ಥೆರಪಿಸ್ಟ್


ಸೆಪ್ಟೆಂಬರ್ 21

ಮೇಡಂ,

ಅಕ್ಷರ ವಕ್ರವಾಗಿದ್ದರೆ ಗಾಬರಿ ಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಸ್ವಲ್ಪ ಜ್ವರ. ನಿಮ್ಮ ಕಾಗದ ಬಂದು ಎರಡು ವಾರವಾಯಿತು, ಉತ್ತರಿಸಲು ಆಗಲಿಲ್ಲ. ಪೇಪರಿನ ವಿಷಯ ಓದಿದೆ. ಇನ್ನೊಮ್ಮೆ ಓದಿದೆ.

ಅವನ ಬೆನ್ನ ಹಿಂದೆ ಇರಿ.

ಅಕ್ಕ


ಅಕ್ಟೋಬರ್ 1

ಅಕ್ಕನವರಿಗೆ,

ಜ್ವರ ಇಳಿಯಿತೇ? ಇಲ್ಲಿ ಎಲ್ಲ ಕ್ಷೇಮ. ದೊರೆಯವರು ಊಟ ನಿದ್ದೆ ಮಾಡುತ್ತಿದ್ದಾರೆ. ಎರಡು ದಿನ ಲಾಂಡ್ರಿಗೆ ಹೋಗಿಲ್ಲ, ಸ್ವಲ್ಪ ವಿಶ್ರಾಂತಿ ಇರಲಿ ಎಂದು ನಾನೇ ಹೇಳಿದೆ.

ಫಾರಂನ ಆ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಚಿಕ್ಕಂದಿನಲ್ಲಿ ಎಂದಾದರೂ ಕಳೆದುಹೋಗಿದ್ದರೇ? ಆಗ ನೀವು ಅವರಿಗೆ ಏನಾದರೂ ಹೇಳಿಕೊಟ್ಟಿದ್ದಿರೇ? ದಯವಿಟ್ಟು ಬೇಗ ಬರೆಯಿರಿ.

ಥೆರಪಿಸ್ಟ್


ಅಕ್ಟೋಬರ್ 6

ಎಲ್ಲ ಕ್ಷೇಮ ಎಂದು ಬರೆಯಲು ನಿಮಗೆ ಕೈಯಾದರೂ ಹೇಗೆ ಬಂತು?

ನಿಮ್ಮ ಕಾಗದ ಬಂದ ದಿನವೇ ಚಿಕ್ಕಮ್ಮನ ಕಾಗದವೂ ಬಂತು. ಏಳು ಗಂಟೆ! ಸೋಮವಾರ ಬೆಳಿಗ್ಗೆ ಎಂಟೂವರೆಯಿಂದ ಮೂರೂವರೆಯವರೆಗೆ ನನ್ನ ತಮ್ಮ ಗೊತ್ತಿಲ್ಲದ ಬೀದಿಯಲ್ಲಿ, ಬಿಸಿಲಿನಲ್ಲಿ, ನೀರಿಲ್ಲದೆ ನಿಂತಿದ್ದ. ಪ್ಯಾಂಟು ಒದ್ದೆಯಾಗಿತ್ತಂತೆ. ಪೊಲೀಸರು ಬಂದಿದ್ದರಂತೆ. ನಿಮ್ಮ ಐದು ಹೆಜ್ಜೆ ಇಪ್ಪತ್ತು ಹೆಜ್ಜೆಗಳು ಆಗ ಎಲ್ಲಿ ಹೋಗಿದ್ದವು? ನೀವು ಬೆನ್ನ ಹಿಂದೆ ಇರುತ್ತೀರಿ ಎಂಬ ಒಂದೇ ಮಾತಿನ ಮೇಲೆ ಒಪ್ಪಿದ್ದೆ. ಆ ಮಾತನ್ನು ನುಂಗಿ ನೀರು ಕುಡಿದಿರಿ. ಮೇಲೆ ನನಗೇ ಪ್ರಶ್ನೆ ಕೇಳುತ್ತೀರಿ!

ಬಸ್ಸು ಸಾಕು, ಲಾಂಡ್ರಿ ಸಾಕು, ನಿಮ್ಮ ಚೂರುಗಳೂ ಸಾಕು. ವಸತಿಗೃಹಕ್ಕೆ ಕಾಗದ ಹಾಕಿದ್ದೇನೆ. 31ರಂದು ಚಿಕ್ಕಮ್ಮ ಹೊರಡುವ ಮೊದಲು ಅವನನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿ ಗೇಟಿಗೆ ಬೀಗ ಇರುತ್ತದೆ ಎಂದು ನೀವು ಹೇಳಬಹುದು. ಇರಲಿ. ಬೀಗ ಇರುವ ಕಡೆ ಯಾರೂ ಕಳೆದುಹೋಗುವುದಿಲ್ಲ.


ಅಕ್ಟೋಬರ್ 9

ಅಕ್ಕನವರಿಗೆ,

ನೀವು ಬೈದದ್ದು ಕಡಿಮೆಯೇ ಆಯಿತು. ನಡೆದದ್ದನ್ನು ಮುಚ್ಚಿಟ್ಟೆ. ನಿಮ್ಮ ಜ್ವರ ಏರದಿರಲಿ ಎಂದು ಅಂದುಕೊಂಡಿದ್ದೆ, ಆದರೆ ನಿಜ ಅದಲ್ಲ. ನನಗೆ ಹೆದರಿಕೆಯಾಗಿತ್ತು. ಈಗ ಪೂರ್ತಿ ಬರೆಯುತ್ತೇನೆ.

ಅವತ್ತು ಮೊದಲ ಬಾರಿಗೆ ನಾನು ಬಸ್ಸು ಹತ್ತಲಿಲ್ಲ. ನಿಮ್ಮನ್ನು ಕೇಳದೆ ಮಾಡಿದ್ದು ನನ್ನ ತಪ್ಪು. ಅದೇ ದಿನ ರಸ್ತೆ ಅಗೆದಿದ್ದರು. ಬಸ್ಸು ಬೇರೆ ದಾರಿ ಹಿಡಿದು, ಒಂದು ಗ್ಯಾರೇಜಿನ ಮುಂದೆ ಎಲ್ಲರನ್ನೂ ಇಳಿಸಿತು. ನೀಲಿ ಟ್ಯಾಂಕು ಅಲ್ಲಿಂದ ಕಾಣುವುದಿಲ್ಲ. ಎಲ್ಲರೂ ಹೋದರು, ದೊರೆಯವರು ನಿಂತರು. ತಡವಾದರೂ ಗಡಿಬಿಡಿ ಮಾಡಬೇಡಿ, ಬರುತ್ತಾರೆ ಎಂದು ಮೇಸ್ತ್ರಿಗೆ ನಾನೇ ಹೇಳಿದ್ದೆ. ಅವರು ಕೊನೆಗೆ ಫೋನ್ ಮಾಡಿದಾಗ ನಾನು ಮೀಟಿಂಗಿನಲ್ಲಿ ಫೋನ್ ಆಫ್ ಮಾಡಿ ಕೂತಿದ್ದೆ. ಆ ಮೀಟಿಂಗಿನಲ್ಲಿ ನಾನು ಹೇಳುತ್ತಿದ್ದದ್ದು ದೊರೆಯವರು ಒಬ್ಬರೇ ಬಸ್ಸಿನಲ್ಲಿ ಹೋಗುವುದನ್ನು ಕಲಿತ ಕಥೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಾನು ಹೋದಾಗ ಅವರ ಸುತ್ತ ಜನ ಸೇರಿದ್ದರು. ಕಾರ್ಡ್ ಜೇಬಿನಲ್ಲೇ ಇತ್ತು. ಯಾರಿಗೂ ತೋರಿಸಿರಲಿಲ್ಲ. "ಬನ್ನಿ ದೊರೆಯವರೇ, ಹೋಗೋಣ" ಅಂದೆ. "ಅಕ್ಕ ಕರೀಲಿಲ್ಲ" ಅಂದರು. "ನಾನು ಕರೀತಿದೀನಲ್ಲ" ಅಂದೆ. "ಅಕ್ಕ ಕರೆದ್ರೆ ಬರ್ತೀನಿ." ಅದೊಂದೇ ಮಾತು. ಚಿಕ್ಕಮ್ಮನನ್ನು ಕರೆಸಿದೆ. ಅವರು ದೂರದಿಂದ ನಿಮ್ಮ ಹಾಗೇ "ದೊರೇ" ಎಂದು ಕೂಗಿ ನೋಡಿದರು. "ನೀನಲ್ಲ" ಅಂದುಬಿಟ್ಟರು. ತುಟಿ ಒಣಗಿ ಬಿರಿದಿತ್ತು. ಕಾಲು ನಡುಗುತ್ತಿತ್ತು. ಆದರೂ ನಿಂತ ಕಲ್ಲನ್ನು ಬಿಡಲೊಲ್ಲರು. ಕೊನೆಗೆ ನಾಲ್ಕು ಜನ ಎತ್ತಿ ಕಾರಿನಲ್ಲಿ ಕೂರಿಸಿದೆವು. ಅವರು ಕಿರುಚಿದರು. ಆ ನಾಲ್ಕು ಜನರಲ್ಲಿ ನಾನೂ ಒಬ್ಬಳು. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ನಾನು ಯಾರ ಮೈಮೇಲೂ ಹಾಗೆ ಕೈ ಹಾಕಿರಲಿಲ್ಲ.

ನನ್ನ ಪಾಲಿನದನ್ನು ಹೇಳಿದೆ. ಈಗ ನಿಮ್ಮ ಪಾಲಿನದು. ಆ ಹೊತ್ತಿಗೆ ಫೋನಿನಲ್ಲಿ ನಿಮ್ಮ ಒಂದು ಮಾತು ಕೇಳಿಸಿದ್ದರೆ ಅವರು ತಾವಾಗಿ ನಡೆದು ಬರುತ್ತಿದ್ದರು. ಎರಡು ತಿಂಗಳಿಂದ ಬೇಡಿಕೊಳ್ಳುತ್ತಿದ್ದೇನೆ. ಕಾರ್ಖಾನೆ, ಜ್ವರ, ಏನೇನೋ ನೆಪ. ನೇರವಾಗಿ ಕೇಳುತ್ತೇನೆ: ನೀವು ವಾಪಸ್ ಬರುವವರೇ? ಅಥವಾ ತಮ್ಮನನ್ನು ಮಂಚಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಿರೇ? ಹಾಗಿದ್ದರೆ ಅದನ್ನಾದರೂ ಹೇಳಿ. ಸ್ಟೂಲಿನ ಮೇಲೆ ಕೂರುವುದು ಬೇಡ ಎಂದು ಅವರಿಗೆ ಹೇಳುತ್ತೇನೆ.

ಥೆರಪಿಸ್ಟ್


ಅಕ್ಟೋಬರ್ 14

ಮೇಡಂ,

ನನಗೆ ದನಿ ಇಲ್ಲ.

ನೆಗಡಿಯಾಗಿ ದನಿ ಕಟ್ಟಿರುವುದಲ್ಲ. ಗಂಟಲಲ್ಲಿ ಗಡ್ಡೆ ಇತ್ತು. ಸೆಪ್ಟೆಂಬರ್ 10ರಂದು ದನಿಪೆಟ್ಟಿಗೆಯನ್ನೇ ತೆಗೆದರು. ಇದು ಕಾರ್ಖಾನೆಯಲ್ಲ, ಆಸ್ಪತ್ರೆ. ಲಾಡ್ಜು ಎದುರಿನ ಬೀದಿಯಲ್ಲಿದೆ, ನಿಮ್ಮ ಕಾಗದಗಳನ್ನು ಅಲ್ಲಿಂದ ತಂದುಕೊಡುತ್ತಾರೆ. ಗಂಟಲಿನ ಬುಡದಲ್ಲಿ ಒಂದು ತೂತಿದೆ, ಅದರಿಂದಲೇ ಉಸಿರು. ಬಾಯಿ ತೆರೆದರೆ ಏನೂ ಬರುವುದಿಲ್ಲ, ಪಿಸುಮಾತು ಕೂಡ. ಚಿಕ್ಕಮ್ಮನಿಗೂ ಹೇಳಿಲ್ಲ. ಗೊತ್ತಾದರೆ ಅವರು ಅಳುತ್ತಾರೆ, ಅವರು ಅತ್ತರೆ ಅವನಿಗೆ ಗೊತ್ತಾಗುತ್ತದೆ.

ಆ ರಾಂಗ್ ನಂಬರ್ ನಾನೇ. ಆಪರೇಷನ್ನಿಗೆ ಮೊದಲು ದನಿ ಒಡೆದು ಗೊರಗೊರ ಅನ್ನುತ್ತಿತ್ತು. ಆದರೂ ಒಂದು ಸಲ ಮಾತಾಡೋಣ ಎಂದು ಮಾಡಿದೆ. "ದೊರೆ, ನಾನು ಕಣೋ" ಅಂದೆ. "ಅಕ್ಕ ಅಲ್ಲ" ಅಂದು ಇಟ್ಟುಬಿಟ್ಟ. ಅವತ್ತು ಈ ಮಂಚದ ಮೇಲೆ ಕೂತು ನಾನು ಅತ್ತಷ್ಟು ನಮ್ಮಮ್ಮ ಹೋದಾಗಲೂ ಅತ್ತಿರಲಿಲ್ಲ.

ಫಾರಂನಲ್ಲಿ ಸುಳ್ಳು ಬರೆದಿದ್ದೆ. ಅವನು ಕಳೆದುಹೋಗಿದ್ದ. ಅವನಿಗೆ ಒಂಬತ್ತು, ನನಗೆ ಹದಿನೇಳು. ಸಂತೆ ಬೀದಿಯಲ್ಲಿ ರಿಬ್ಬನ್ ಆರಿಸಲು ಅವನ ಕೈ ಬಿಟ್ಟೆ. ಅದೇ ಒಂದು ಗಳಿಗೆ. ಸಿಕ್ಕಿದ್ದು ಎರಡು ದಿನದ ಮೇಲೆ, ರೈಲು ಹಳಿಯ ಪಕ್ಕ ನಡೆಯುತ್ತಿದ್ದ, ಪಾದವೆಲ್ಲ ರಕ್ತ. ನನ್ನನ್ನು ಹುಡುಕುತ್ತ ನಡೆದಿದ್ದನಂತೆ. ಆಮೇಲೆ ಒಂದು ವರ್ಷ ದಿನಾ ಅವನಿಗೆ ಪಾಠ ಮಾಡಿದೆ. "ನಾನು ಕಾಣದಿದ್ರೆ ನಿಂತ ಜಾಗ ಬಿಡಬೇಡ. ಯಾರು ಕರೆದ್ರೂ ಹೋಗಬೇಡ. ಅಕ್ಕ ಬಂದು ಕರೀತಾಳೆ." ಅಂಗಳದಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಬಚ್ಚಿಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ನಿಮ್ಮದು ನಲವತ್ತು ಸಲ ಅಲ್ಲವೇ? ನನ್ನದು ಲೆಕ್ಕವೇ ಇಲ್ಲ. ನನಗಿಂತ ಒಳ್ಳೆಯ ಥೆರಪಿಸ್ಟ್ ನಿಮಗೆ ಸಿಗಲಾರರು.

ಕಲಿಸುವಾಗ ಅವನನ್ನು ಕರೆಯಲು ನಾನೇ ಇಲ್ಲದಿದ್ದರೆ ಎಂದು ಯೋಚಿಸಲಿಲ್ಲ. ಹದಿನೇಳು ವರ್ಷದವಳಿಗೆ ಅದು ಹೊಳೆಯುವುದಿಲ್ಲ. ನಲವತ್ತನಾಲ್ಕಕ್ಕೆ ಹೊಳೆಯಿತು. ಹೊಳೆದ ದಿನವೇ ವಸತಿಗೃಹದ ಅರ್ಜಿಗೆ ಸಹಿ ಹಾಕಿದೆ. ನಾನು ಮನೆಗೆ ಬಂದರೂ ಬೀದಿಯ ಈಚೆಯಿಂದ ಅವನನ್ನು ಕೂಗಲಾರೆ. ಕೈ ತೊಳೆದುಕೊಂಡಿಲ್ಲ ಮೇಡಂ. ಬೇರೆ ದಾರಿ ಕಾಣದೆ ಹೀಗೆ ಮಾಡಿದೆ.

ಅಕ್ಕ


ಅಕ್ಟೋಬರ್ 17

ಅಕ್ಕ,

ಹಿಂದಿನ ಕಾಗದದ ಕೊನೆಯ ಸಾಲುಗಳನ್ನು ಹರಿದು ಹಾಕಿ. ಕ್ಷಮೆ ಕೇಳುವುದನ್ನು ಎದುರಿಗೇ ಮಾಡುತ್ತೇನೆ, ಈಗ ಹೊತ್ತಿಲ್ಲ. 31ಕ್ಕೆ ಹದಿನಾಲ್ಕು ದಿನ ಇದೆ.

ನಿಮ್ಮ ಕಾಗದ ಓದಿ ಒಂದು ವಿಷಯ ಅರ್ಥವಾಯಿತು. ದೊರೆಯವರು ಅವತ್ತು ಸೋತಿರಲಿಲ್ಲ. ಕಲಿತದ್ದನ್ನು ಅಕ್ಷರಶಃ ಮಾಡಿದರು. ಬಾಯಾರಿದರೂ, ಪೊಲೀಸರು ಗದರಿಸಿದರೂ ಏಳು ಗಂಟೆ ಮಾಡಿದರು. ಒಂದು ಪಾಠವನ್ನು ಇಪ್ಪತ್ತೇಳು ವರ್ಷ ಹಿಡಿದಿಟ್ಟುಕೊಳ್ಳುವವರು ಇನ್ನೊಂದನ್ನೂ ಕಲಿಯಬಲ್ಲರು. ಆದರೆ ನನ್ನಿಂದಲ್ಲ. ನನ್ನ ಕಾರ್ಡ್ ಅವರಿಗೆ ನನ್ನ ಜೊತೆ ಆಡುವ ಆಟ ಅಷ್ಟೇ, ಬೀದಿಗೆ ಅದು ಲಾಗೂ ಇಲ್ಲ. ನೀವು ಹಾಕಿದ ಗಂಟನ್ನು ನೀವೇ ಬಿಚ್ಚಬೇಕು.

ದನಿ ಇಲ್ಲ, ಸರಿ. ಆದರೆ ನಿಮ್ಮ ಮೊದಲ ಕಾಗದ ತೆಗೆದು ನೋಡಿದೆ. ಯಾವ ಬಟ್ಟೆ ತನ್ನದು, ಯಾವುದು ಬೇರೆಯವರದ್ದು ಎಂದು ಅವರಿಗೆ ದಿನಾ ಬೆಳಿಗ್ಗೆ ಹೇಳುವವರು ಯಾರು? ನಿಮ್ಮ ಎರಡು ಕೆಂಪು ಹೊಲಿಗೆ. ಅದನ್ನು ಬೇರೆ ಯಾರಾದರೂ ಹಾಕಿದರೆ ಗುರುತು ಹಿಡಿಯುತ್ತಾರೆ. ಮೊನ್ನೆ ಚಿಕ್ಕಮ್ಮ ಹೊಸ ಅಂಗಿಗೆ ಹಾಗೇ ಹಾಕಿ ಕೊಟ್ಟರೆ ಬೆರಳಿಂದ ಸವರಿ ವಾಪಸ್ ಕೊಟ್ಟುಬಿಟ್ಟರು. ನನ್ನ ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ. ಆಸ್ಪತ್ರೆಯಲ್ಲಿ ಸೂಜಿ ಸಿಗುತ್ತದೆಯೇ?

ಮೇಸ್ತ್ರಿಯ ಜೊತೆ ಮಾತಾಡಿದೆ. "ಸರಿಯಾದ ದಾರೀಲಿ ಬರೋದು ಎಲ್ಲಾರಿಗೂ ಬರುತ್ತೆ ಮೇಡಂ. ದಾರಿ ತಪ್ಪಿದಾಗ ಬರ್ತಾರಾ? ಒಂದೇ ಒಂದು ಸಲ ಬಂದು ತೋರಿಸಲಿ, ಜಾಗ ಅವರದೇ" ಅಂದರು. ಇದಕ್ಕಿಂತ ಜಾಸ್ತಿ ಯಾರೂ ಕೊಡಲಾರರು.

ಥೆರಪಿಸ್ಟ್


ಅಕ್ಟೋಬರ್ 21

ಮೇಡಂ,

ಸೂಜಿ ನರ್ಸಮ್ಮನದು. ಕೆಂಪು ದಾರ ನನ್ನ ಚೀಲದಲ್ಲೇ ಇತ್ತು, ಎಲ್ಲಿಗೆ ಹೋದರೂ ಇರುತ್ತದೆ. ಬಟ್ಟೆಗೆ ನನ್ನ ಸೀರೆಯ ಸೆರಗಿನಿಂದ ಅಂಗೈಯಗಲ ಕತ್ತರಿಸಿದೆ.

ನಿಮ್ಮ ಕಾರ್ಡಿನ ಅಳತೆಗೇ ಹೊಲಿದಿದ್ದೇನೆ. ಮೊದಲ ಚಿತ್ರ ಕಂಬದ ಪಕ್ಕ ನಿಂತ ಅವನು. ಎರಡನೆಯದರಲ್ಲಿ ಟೋಪಿ ಹಾಕಿದ ಕಂಡಕ್ಟರಿಗೆ ಇದನ್ನು ಕೊಡುತ್ತಿದ್ದಾನೆ. ಮೂರನೆಯದು ಟವೆಲ್ಲಿನ ಮೇಜು. ಒಂದೊಂದು ಚಿತ್ರದ ಕೆಳಗೂ ಎರಡು ಕೆಂಪು ಹೊಲಿಗೆ ಹಾಕಿದ್ದೇನೆ. ಹಿಂಬದಿಗೆ ವಿಳಾಸ, ನಿಮ್ಮ ನಂಬರು. ಎರಡು ಸಲ ಬಿಚ್ಚಿ ಹೊಲಿದೆ. ಸೊಟ್ಟ ಹೊಲಿಗೆಯನ್ನು ಅವನು ನನ್ನದೆಂದು ಒಪ್ಪುವುದಿಲ್ಲ.

ಇದನ್ನು ಕೊಡುವಾಗ ನನ್ನ ಗಂಟಲಿನ ವಿಷಯ ಅವನಿಗೆ ಹೇಳಿಬಿಡಿ. ಅಕ್ಕ ಇನ್ನು ಕರೆಯುವುದಿಲ್ಲ, ಕರೆಯಲು ಆಗುವುದಿಲ್ಲ ಎಂದು. ಸುಳ್ಳು ಹೇಳಬೇಡಿ, ಹಾರಿಸಿಯೂ ಹೇಳಬೇಡಿ. ಅಳುತ್ತಾನೆ. ಅಳಲಿ.

ನನಗೆ ನಂಬಿಕೆ ಇಲ್ಲ. ಇದು ಆಗುವುದಿಲ್ಲ ಎಂದೇ ಮನಸ್ಸು ಹೇಳುತ್ತಿದೆ. ವಸತಿಗೃಹಕ್ಕೆ ಬೇಡ ಎಂದು ಬರೆದಿಲ್ಲ. ನಿಮ್ಮ ಕಾಗದ 30ರೊಳಗೆ ಬರದಿದ್ದರೆ ಅವನು ಅಲ್ಲಿಗೇ.

ಅಕ್ಕ


ಅಕ್ಟೋಬರ್ 28

ಅಕ್ಕ,

ಇದನ್ನು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ಮೊದಲು, ನಿಮ್ಮ ವಿಷಯ ಅವರಿಗೆ ಹೇಳಿದ್ದನ್ನು ಬರೆಯುತ್ತೇನೆ. ಶುಕ್ರವಾರ ಬಟ್ಟೆ ಕೊಟ್ಟೆ. ಬೆರಳಿಂದ ಸವರಿದರು. "ಅಕ್ಕ ಹೊಲಿದಿದ್ದು" ಅಂದರು. ಆಮೇಲೆ ನಿಮ್ಮ ಗಂಟಲಿನ ವಿಷಯ ಇದ್ದ ಹಾಗೆ ಹೇಳಿದೆ. ಅಳಲಿಲ್ಲ. "ನೋವಿದೆಯಾ?" ಅಂತ ಕೇಳಿದರು. ಈಗ ಕಡಿಮೆಯಾಗಿದೆ ಅಂದೆ. ಅವತ್ತು ಸಂಜೆ ಏಳಕ್ಕೆ ಸ್ಟೂಲು ಹಾಕಿಕೊಳ್ಳಲಿಲ್ಲವಂತೆ. ಅಡುಗೆಮನೆಗೆ ಒಯ್ದು ಮೂಲೆಯಲ್ಲಿಟ್ಟರಂತೆ. ಚಿಕ್ಕಮ್ಮ ಅಳುತ್ತ ಹೇಳಿದರು. ಅವರಿಗೂ ಹೇಳಬೇಕಾಯಿತು.

ರಸ್ತೆ ಇನ್ನೂ ಅಗೆದೇ ಇದೆ. ಬಸ್ಸು ಅದೇ ಗ್ಯಾರೇಜಿನ ಮುಂದೆ ಇಳಿಸುತ್ತದೆ. ಇವತ್ತು ಅಲ್ಲೇ ಇಳಿಯಬೇಕು ಎಂದು ಅವರಿಗೆ ಮೊದಲೇ ಹೇಳಿದ್ದೆ. ಬೇಡ ಅನ್ನಬಹುದು ಎಂದೂ ಹೇಳಿದ್ದೆ. ತುಂಬ ಹೊತ್ತು ಬಟ್ಟೆ ನೋಡಿ, "ಅಕ್ಕ ಹೋಗು ಅಂದ್ಲಾ?" ಅಂದರು. ಹೂಂ ಅಂದೆ.

ನಾನು ಬೆಳಿಗ್ಗೆಯೇ ಗ್ಯಾರೇಜಿನ ಒಳಗೆ ಟಯರುಗಳ ಹಿಂದೆ ನಿಂತಿದ್ದೆ. ಎಂಟು ಇಪ್ಪತ್ತೆಂಟಕ್ಕೆ ಇಳಿದರು. ಅವತ್ತು ನಿಂತ ಅದೇ ಕಲ್ಲಿನ ಮೇಲೆ ಹೋಗಿ ನಿಂತುಬಿಟ್ಟರು! ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಎರಡು ಬಸ್ಸು ಬಂದು ಹೋದವು. ಯಾರೋ ಒಬ್ಬರು ಮಾತಾಡಿಸಿದರು, ದೊರೆಯವರು ತಲೆ ತಗ್ಗಿಸಿದರು. ಓಡಿಹೋಗಿ ಕೈ ಹಿಡಿಯೋಣ ಅನ್ನಿಸಿತು. ಟಯರನ್ನೇ ಗಟ್ಟಿಯಾಗಿ ಹಿಡಿದುಕೊಂಡೆ, ಉಗುರೆಲ್ಲ ಕಪ್ಪಾಗಿದೆ. ಅವರು ಒಂದು ಕೈಯನ್ನು ಅಂಗಿಯ ಕಾಲರಿನ ಹಿಂದೆ ಹಾಕಿ ಏನೋ ಮುಟ್ಟಿ ನೋಡುತ್ತಿದ್ದರು. ಏನು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಮೂವತ್ತೈದು ನಿಮಿಷದ ಮೇಲೆ ಮೂರನೇ ಬಸ್ಸು ಬಂತು. ದೊರೆಯವರು ಕಲ್ಲಿನಿಂದ ಇಳಿದರು. ಜೇಬಿನಿಂದ ಬಟ್ಟೆ ತೆಗೆದು ನೇರವಾಗಿ ಕಂಡಕ್ಟರ್ ಮುಂದೆ ಹಿಡಿದರು. ಅವತ್ತು ಅವರನ್ನು ಎತ್ತಿದ ನಾಲ್ವರಲ್ಲಿ ಈ ಕಂಡಕ್ಟರೂ ಇದ್ದರು. ಗುರುತು ಹಿಡಿದು, ಹೆದರಿಯೇ, "ಏನ್ ಸ್ವಾಮಿ, ಇವತ್ತೂ ಬರಲ್ವಾ?" ಅಂದರು. ದೊರೆಯವರು ಕೆಂಪು ಹೊಲಿಗೆಯ ಮೇಲೆ ಬೆರಳಿಟ್ಟು ಹೇಳಿದ್ದು ನನಗೆ ಗ್ಯಾರೇಜಿನವರೆಗೂ ಕೇಳಿಸಿತು.

"ಅಕ್ಕ ಕರೀತಿದಾಳೆ."

ಕಂಡಕ್ಟರ್ ಹಿಂಬದಿಯ ವಿಳಾಸ ಓದಿ, ಕೆಳಗಿಳಿದು, ಅಡ್ಡರಸ್ತೆಯ ಕಡೆ ಕೈ ತೋರಿಸಿದರು. ದೊರೆಯವರು ನಡೆದರು. ನಾನು ಹಿಂದೆ ಹೋಗಲಿಲ್ಲ. ಅಲ್ಲೇ ಟಯರಿನ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಗ್ಯಾರೇಜಿನವರು ನೀರು ಕೊಟ್ಟರು.

ಇಲ್ಲಿಗೆ ಬಂದು ನೋಡಿದರೆ ಮೇಸ್ತ್ರಿ ಅವರನ್ನು ಎಲ್ಲರ ಮುಂದೆ ಬೈಯುತ್ತಿದ್ದರು. "ದೊರೆಗಳು ಅಂತ ಹೆಸರಿಟ್ಕೊಂಡ್ರೆ ಬೇಕಾದಾಗ ಬರೋದಾ? ಅರ್ಧ ಗಂಟೆ ಲೇಟು! ನಾಳೆಯಿಂದ ಒಂಬತ್ತಕ್ಕೆ ಇಲ್ಲಿರಬೇಕು." ದೊರೆಯವರು ಮುಖ ಸಣ್ಣ ಮಾಡಿಕೊಂಡು ಟವೆಲ್ ಮಡಿಸುತ್ತಿದ್ದಾರೆ. ನಾಳೆಯಿಂದ ಅಂದರಲ್ಲ ಅಕ್ಕ, ನಾಳೆಯಿಂದ!

ಥೆರಪಿಸ್ಟ್


ಅಕ್ಟೋಬರ್ 30

ಮೇಡಂ,

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಬಂತು. ಓದಿ ನಗು ಬಂತು. ದನಿಯಿಲ್ಲದೆ ನಗುವುದನ್ನು ಕಂಡು ನರ್ಸಮ್ಮ ಉಸಿರು ಕಟ್ಟಿದೆ ಎಂದು ಓಡಿಬಂದರು. ಅವರ ಕೈಗೆ ಕಾಗದ ಕೊಟ್ಟೆ. ಓದಿ ಅವರೇ ವಸತಿಗೃಹಕ್ಕೆ ಫೋನ್ ಮಾಡಿ, ಮಂಚ ಬೇಡ, ಬೇರೆಯವರಿಗೆ ಕೊಡಿ ಎಂದು ಹೇಳಿದರು. ನನ್ನ ಪರವಾಗಿ ಗಟ್ಟಿಯಾಗಿಯೇ ಹೇಳಿದರು.

ಚಿಕ್ಕಮ್ಮನಿಗೂ ಅವರೇ ಫೋನ್ ಮಾಡಿದರು, ಇನ್ನೊಂದು ವಾರ ನಿಲ್ಲಲು ಒಪ್ಪಿದ್ದಾರೆ. 6ನೇ ತಾರೀಕು ಆಸ್ಪತ್ರೆಯಿಂದ ನನ್ನನ್ನು ಬಿಡುತ್ತಾರೆ. ಸಂಜೆ ಐದರ ಬಸ್ಸಿಗೆ ಬಂದು, ನಮ್ಮ ಬೀದಿಯ ಮೂಲೆಯ ನಿಲ್ದಾಣದಲ್ಲಿ ಇಳಿಯುತ್ತೇನೆ. ಲಾಂಡ್ರಿ ಬಿಟ್ಟು ಅವನು ಮನೆಗೆ ಬರುವ ಹೊತ್ತೂ ಅದೇ ಅಲ್ಲವೇ? ನೀವಾಗಲಿ ಚಿಕ್ಕಮ್ಮನಾಗಲಿ ಬರಬೇಡಿ. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿರುತ್ತೇನೆ, ಮೈ ಇಳಿದಿದೆ, ಜನ ತುಂಬಿರುತ್ತಾರೆ. ಅವನು ನನ್ನನ್ನು ನೋಡದೆ ದಾಟಿ ಹೋಗಬಹುದು. ನಾನು ಕೂಗಲಾರೆ.

ಅದಕ್ಕೆ ಅವನಿಗೆ ಒಂದು ಮಾತು ಹೇಳಿ. ದಿನಾ ಹೇಳಿ, ನಲವತ್ತು ಸಲ ಹೇಳಿ. "ದೊರೆ, ಅಕ್ಕ ಬಸ್ಸಿಳಿದು ಕಂಬದ ಪಕ್ಕ ನಿಂತಿರ್ತಾಳೆ. ಯಾರು ಕರೆದ್ರೂ ಹೋಗಲ್ಲ. ನೀನು ಬಂದು ಕರೆಯೋವರೆಗೂ ನಿಂತ ಜಾಗ ಬಿಡಲ್ಲ."

ಅಕ್ಕ